ಹೊರ್ವಾತ್ ಎಂದರೆ

ಬಾಯಾ ಊರಿನ ದಫ್ತರಖಾನೆಯಲ್ಲಿ ಸೋಮವಾರ ನೂಕುನುಗ್ಗಲಿಲ್ಲ.
ಬಂದವರು ಒಬ್ಬರೇ: ಹೊರ್ವಾತ್ ಗೆಲ್ಲೇರ್ತ್, ವಯಸ್ಸು ಎಪ್ಪತ್ತೊಂದು,
ಕೋಟಿನ ಎದೆಗೆ ಚುಚ್ಚಿದ ತಗಡಿನ ಗಿಡುಗ.
"ಮೊಮ್ಮಗನ ದೀಕ್ಷಾಸ್ನಾನಕ್ಕೆ ವಂಶವೃಕ್ಷ ಬೇಕು,
ಚೌಕಟ್ಟು ಆಗಲೇ ಕೊಂಡಿದ್ದೇನೆ.
ಸಾವಿರ ವರ್ಷ, ತಾಯಿ, ಒಂದು ತೊಟ್ಟು ಬೆರಕೆಯಿಲ್ಲ."

ಹೊರ್ವಾತ್ ಎಂದರೆ ನಮ್ಮ ಮಾತಿನಲ್ಲಿ
ಕ್ರೊಯೇಷಿಯದವನು ಅಂತ.
ನಾನು ಹೇಳಲಿಲ್ಲ. ಸಂಬಳದವಳು;
ಬಿಳಿ ಕೈಗವಸು ಕೊಟ್ಟೆ.

ಅಜ್ಜ ಮಿಹಾಯ್ ಮೊದಲ ಕಟ್ಟಿನಲ್ಲೇ ಸಿಕ್ಕ.
ಅಜ್ಜನ ಅಜ್ಜ ಸತಾಯಿಸಿದ:
ದೀಕ್ಷಾಸ್ನಾನದ ಪುಟದಲ್ಲಿ ಯೊಆನ್ನೆಸ್,
ಮದುವೆಯ ಪುಟದಲ್ಲಿ ಯೊಹಾನ್,
ಸಾವಿನ ಪುಟದಲ್ಲಿ ಯಾನೊಷ್,
ಹೆತ್ತವಳು ಇವಾನ್ ಎಂದು ಕೂಗಿರಬೇಕು.
ಯಾವುದಕ್ಕೆ ಓಗೊಡುತ್ತಿದ್ದನೋ.
ಕಸುಬು, ದೋಣಿಗೆ ಡಾಂಬರು ಬಳಿಯುವುದು;
ಅದೊಂದು ಮಾತ್ರ ಎಲ್ಲ ಪುಟದಲ್ಲೂ ಅದೇ.

ಹೆಂಡತಿ ಕತರೀನಾ, ಉಲ್ಮ್‌ನಿಂದ ದೋಣಿಯೇರಿ ಬಂದವರ ಮೊಮ್ಮಗಳು.
ತಾಯಿ ಮಾಂಡಾ, ಬುನ್ಯೇವ್ತ್ಸಿ ಕುರಿಗಾರರ ಮನೆಯವಳು.
ಮಾಂಡಾಳ ತಂದೆಯಿರಬೇಕಾದ ಜಾಗದಲ್ಲಿ
ಎರಡೇ ಪದ: ತಂದೆ ತಿಳಿಯದು.
ಪಕ್ಕದಲ್ಲಿ ಯಾರದೋ ಹೆಬ್ಬೆರಳು
ಮೆಣಸಿನಪುಡಿ ಬಣ್ಣದಲ್ಲಿ.

ಗೆಲ್ಲೇರ್ತ್ ಕೈಗವಸು ಕಳಚಿ, ಅಭ್ಯಾಸಬಲ,
ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಲು ಹೋದರು.
"ಎಂಜಲು ಬೇಡ" ಎಂದೆ. "ಶೀಶೆಗೆ ತುಂಬಿ ಕಳಿಸಿದರೆ
ಲ್ಯಾಬಿನವರು ಇನ್ನೂ ಹೆಚ್ಚು ಹೇಳಿಯಾರು."
ನಗಲಿಲ್ಲ.

ಕಿಟಕಿಯಾಚೆ ಡ್ಯಾನ್ಯೂಬಿನ ಕವಲು.
ನದೀಮೂಲ ಕೇಳಬಾರದಂತೆ;
ಈ ನದಿ ಹುಟ್ಟಿದ್ದು ನಮ್ಮಲ್ಲಿ, ನಮ್ಮಲ್ಲಿ, ಎಂದು
ದೂರದ ಜರ್ಮನ್ ಕಾಡಲ್ಲಿ ಎರಡು ಊರಿಗೆ ಇಂದಿಗೂ ಜಗಳ.
ಇಲ್ಲಿಗೆ ಬರುವಷ್ಟರಲ್ಲಿ
ಎಷ್ಟು ಹಳ್ಳ ಕುಡಿದಿದೆಯೋ, ಕೇಳಿದರೆ
ಕೆಸರು ತೋರಿಸುತ್ತದೆ.

ಬಹಳ ಹೊತ್ತಿನ ಮೇಲೆ, ತಗ್ಗಿದ ದನಿ:
"ಅಜ್ಜನವರೆಗೆ ಮಾತ್ರ ನಕಲು ತೆಗೆದರೆ ಆಗದೇ?"
ಆಗುತ್ತದೆ. ಪುಟಕ್ಕೆ ಇಷ್ಟೆಂದು ದರ.
ಒಂದು ಪುಟಕ್ಕೆ ಎಣಿಸಿ ಕೊಟ್ಟರು.
ಬಾಗಿಲವರೆಗೆ ಹೋಗಿ ನಿಂತರು.
"ಆ ಮಾಂಡಾ... ಎಷ್ಟು ವರ್ಷ ಬದುಕಿದ್ದಳು?"
ತೊಂಬತ್ತೆರಡು. ಕೊನೆಯವರೆಗೂ ಹಾಲು ಮಾರಿದಳು.
"ಹಾಗಾದರೆ ಈ ಮೊಣಕಾಲು ಅವಳ ಕಡೆಯದಲ್ಲ"
ಎನ್ನುತ್ತ ಕಂಬಿ ಹಿಡಿದು ಮೆಟ್ಟಿಲಿಳಿದರು.

ಕಟ್ಟುಗಳನ್ನು ಒಳಗಿಟ್ಟೆ.
ಮೂರನೇ ಕಪಾಟು, ಕೆಳಗಿನ ಅರೆ:
ನನ್ನ ಅಜ್ಜಿಯ ಊರಿನ ಪುಸ್ತಕ.
ಹತ್ತೊಂಬತ್ತು ವರ್ಷದಿಂದ ಕೀಲಿಕೈ ನನ್ನ ಹತ್ತಿರವೇ ಇದೆ.
ಶುಕ್ರವಾರ ಶುಕ್ರವಾರ ಧೂಳು ಒರೆಸುತ್ತೇನೆ,
ಹೊರಗಿನಿಂದ.