ಇನ್ನೂರ ಹನ್ನೆರಡು ಆವರ್ತ

ಲಿಯೆಪಾಯದಲ್ಲಿ ಇರುವುದೊಂದೇ ಟ್ರಾಮಿನ ಹಾದಿ.
ಇಪ್ಪತ್ತು ವರ್ಷದಿಂದ ಅದರ ಮೇಲೆ ನಾನು,
ಮಂಗಳವಾರ ನಾಲ್ಕೂ ಹತ್ತಕ್ಕೆ ಅವಳು:
ವೆಲ್ಗಾ ಟೀಚರು. ಕೈಚೀಲದಲ್ಲಿ ಬೀಟ್‌ರೂಟು,
ಅದರಡಿ ಸುರುಳಿ ಸುತ್ತಿದ ಯಾವುದೋ ಅಂಕ,
ಅಂಚಿಗೆ ಕೆಂಪು ಹತ್ತಿ.

ಅವಳಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಕಾದವನು.
ಪಾಳಿ ಮುಗಿದ ಸೈರನ್ನಿಗೆ ಕಿಟಕಿಯ ಗಾಜು ನಡುಗಿದರೆ
ಐದು ವರ್ಷದ ಹುಡುಗಿ ಪಿಯಾನೋದಲ್ಲಿ
ಆ ಸ್ವರ ತಡಕುತ್ತಿದ್ದಳಂತೆ. ಸಿಗದು;
ಕರಿಮನೆಗೂ ಬಿಳಿಮನೆಗೂ ನಡುವಿನ
ಗೋಡೆಯೊಳಗೆ ಅಡಗಿತ್ತು ಅದು.
ಆ ಗೋಡೆ ಒಡೆಯಲೆಂದೇ ಮೊದಲ ಒಪೆರಾ.
ಮೂರು ರಾತ್ರಿ ನಡೆಯಿತು. ನಾಲ್ಕನೆಯದಕ್ಕೆ
ನಾಯಕಿ ಹ್ಯಾಂಬರ್ಗಿನ ದಾರಿ ಹಿಡಿದಳು.
ಎರಡನೆಯದು ಇನ್ನೂ ಬೀರುವಿನಲ್ಲಿದೆ,
ನುಸಿಗುಳಿಗೆಯ ಜೊತೆ.

ಹೊಟ್ಟೆಪಾಡಿಗೆ ಪಾಠ, ಅಂದರು ಊರವರು.
ನಾನು ಬಲ್ಲೆ, ನಾಲ್ಕು ವರ್ಷ
ಅವಳೆದುರು ಕೂತು ಚೆಲ್ಲೋ ಕುಯ್ದವನು.
ಕಿಟಕಿ ತೆರೆದು ಕೇಳುವಳು:
"ಗಾಳಿ ಈಗ ಯಾವ ಶ್ರುತಿ?"
ಯಾರಾದರೂ ಕೈಯೆತ್ತಿ ಹೇಳಿದರೆ
"ಬದಲಾಯಿತು" ಎನ್ನುವಳು.
ಹಾಡು ಯಾವಾಗ ಹುಟ್ಟುತ್ತೆ ಟೀಚರ್,
ಸರ್ಮೀತೆ ಕೇಳಿದಳು ಒಮ್ಮೆ.
"ಮಾತು ಹಠ ಹಿಡಿದಾಗ," ಅಂದಳು, ಹಲಗೆ ಒರೆಸುತ್ತ.

ಕಾರ್ಖಾನೆ ಮುಚ್ಚಿದ ಮೇಲೆ ಬಂತು ಮೂರನೆಯದು.
ಮೇಳಕ್ಕೆ ಅರವತ್ತು ಜನ ಬೇಕು; ಬಂದವರು ಹತ್ತೊಂಬತ್ತು:
ಶಾಲೆಯ ಅಡುಗೆಯವಳು, ಬೆಂಕಿ ಆರಿಸುವ ಇಬ್ಬರು,
ಕೆಲಸ ಹೋದ ಕುಲುಮೆಯ ಒರಟು ಗಂಟಲುಗಳು.
ನನಗೊಂದು ಗಂಟೆ. ಟ್ರಾಮಿನದೇ, ಬಿಚ್ಚಿ ತಂದದ್ದು.
ಇನ್ನೂರ ಹನ್ನೆರಡು ಆವರ್ತ ಬಾಯಿಮುಚ್ಚಿ ಎಣಿಸಿ
ಒಂದೇ ಒಂದು ಸಲ ಬಾರಿಸಬೇಕು.

ಎಣಿಸಿದೆ. ಅಷ್ಟರಲ್ಲಿ ಅಡುಗೆಯವಳು
ಸತ್ತ ಗಂಡನ ಊಟದ ಡಬ್ಬಿ ಎತ್ತಿಕೊಂಡು
ಅದಕ್ಕೇ ಹಾಡತೊಡಗಿದಳು.
ನೂರೆಂಬತ್ತರ ಹತ್ತಿರ ಎಲ್ಲೋ ಲೆಕ್ಕ ತಪ್ಪಿತು.
ಬಾರಿಸಿದೆ, ತಡವಾಗಿ,
ಎಲ್ಲ ಮುಗಿದು ಜನ ಕೆಮ್ಮಲು ಬಾಯಿ ತೆರೆದ ಹೊತ್ತಿಗೆ.

ಯಾರೂ ಕೆಮ್ಮಲಿಲ್ಲ.

ಅವಳೂ ಏನೂ ಅನ್ನಲಿಲ್ಲ.
ಮರುವರ್ಷ ಹಸ್ತಪ್ರತಿ ತೆರೆದರೆ
ಹಳೆಯ ಜಾಗದಲ್ಲಿ ರಬ್ಬರು ಉಜ್ಜಿದ ಮಾಸಲು;
ಗಂಟೆ ನಾನು ತಪ್ಪಿದಲ್ಲಿಗೆ ಬಂದು ಕೂತಿದೆ.

ಇವತ್ತು ಇಳಿಯುವಾಗ ಮೆಟ್ಟಿಲಲ್ಲೇ ನಿಂತಳು.
ಎಪ್ಪತ್ತೊಂದು ವಯಸ್ಸು, ಹಿಂದೆ ಜನ ನೂಕುತ್ತಿದ್ದಾರೆ.
"ನಿನ್ನ ಬಾಗಿಲು ಅರ್ಧ ಸ್ವರ ಇಳಿದಿದೆ," ಅಂದಳು,
"ಶನಿವಾರದವರೆಗೆ ಎಣ್ಣೆ ಹಾಕಿಸಬೇಡ."