ಸೋಂಪಿನ ವಾಸನೆ

ಜುಲೈ ಮೊದಲ ಸೋಮವಾರ, ಬೆಜಾನ್ಸೋಂ.
ಮೂರನೇ ಮಹಡಿಯ ಬಾಗಿಲು ತೆರೆದು ಮದಾಮ್ ಜಾನ್ರೋ
ನನ್ನ ಹೆಸರನ್ನು ಬಾಯಲ್ಲೊಮ್ಮೆ ಹೊರಳಿಸಿ ನೋಡಿದರು:
ಅಘಿಣಕ್ಸಿ.
ಹರಿಣಾಕ್ಷಿಯ ಹಕಾರ ಹೊಸಿಲಾಚೆಯೇ ಉಳಿಯಿತು,
ಬಿಟ್ಟ ಚಪ್ಪಲಿಯ ಹಾಗೆ.

ಮೂರನೇ ಕ್ಲಾಸಿನಲ್ಲಿ 'ಆಲು ಕುಡಿದೆ' ಅಂದ ಪುಟ್ಟಮಾದುವನ್ನು
ಬೆಂಚಿನ ಮೇಲೆ ನಿಲ್ಲಿಸಿದ್ದರು ಮೇಷ್ಟರು.
ಇಲ್ಲಿ ನೋಡೋ ಮಾದು,
ಒಂದು ದೇಶಕ್ಕೆ ದೇಶವೇ 'ಓಟೆಲ್' ಅನ್ನುತ್ತದೆ,
ಯಾರೂ ಬೆಂಚು ಹತ್ತಿಲ್ಲ.

ಬೆಳಿಗ್ಗೆ ಒಂಬತ್ತರಿಂದ ವ್ಯಾಕರಣ.
ಚಮಚ ಹೆಣ್ಣು, ಚಾಕು ಗಂಡು,
ಮೇಜು ಹೆಣ್ಣು, ಮೇಲಿನ ಬ್ರೆಡ್ಡು ಗಂಡು,
ರಾತ್ರಿ ಹೆಣ್ಣು,
ಸಾವೂ.
ಯಾಕೆ? ಕೇಳಿದಳು ಸಮರಕಂದದ ದಿಲ್ಫೂಜಾ.
ಅವಳ ನುಡಿಯಲ್ಲಿ ಅವನಿಗೂ ಅವಳಿಗೂ ಒಂದೇ ಶಬ್ದ.
ನನ್ನದರಲ್ಲಿ ಮಗುವೂ 'ಅದು', ಅಂದೆ,
ಬಯ್ಯುವಾಗ ಗಂಡನೂ.
ಟೀಚರ್ ಬೆರಾಂಜೇರ್ ಸೀಮೆಸುಣ್ಣ ಕೆಳಗಿಟ್ಟು
ಎರಡೂ ಹೆಗಲು ಹಾರಿಸಿದರು.
ಅದೊಂದು ಸೂತ್ರ ಮಾತ್ರ
ಯಾವ ಅಪವಾದವೂ ಇಲ್ಲದೆ ಎಲ್ಲ ಕಡೆ ಸಲ್ಲುತ್ತಿತ್ತು.

ಊರನ್ನು ತಬ್ಬಿ ಹರಿವ ನದಿಯ ಹೆಸರು
ಬರೆಯಲು ಐದಕ್ಷರ, ಬಾಯಿಗೆ ಒಂದೇ: ದೂ.
ಮಿಕ್ಕವು ಎಲ್ಲಿ ಹೋದವು?
ಇಂಥವು ಸಾಯುವುದಿಲ್ಲ, ಅಂದರು ಬೆರಾಂಜೇರ್,
ಪದದ ಕೊನೆಗೆ ಮುದುಡಿ ಕೂತಿರುತ್ತವೆ,
ಮುಂದಿನ ಪದ ಸ್ವರದಿಂದ ಶುರುವಾದರೆ
ಎಷ್ಟೋ ಸಲ ಎದ್ದು ಕೈ ಹಿಡಿಯುತ್ತವೆ.

ಸಂಜೆ ಕೋಟೆ ಹತ್ತುತ್ತಿದ್ದೆ. ಸಂತೆಯಲ್ಲಿ
ತೊಂಬತ್ತೇಳನ್ನು ನಾಲ್ಕಿಪ್ಪತ್ತು-ಹದಿನೇಳು ಎಂದು ಎಣಿಸುವಷ್ಟರಲ್ಲಿ
ಏಪ್ರಿಕಾಟಿನವನು ಮುಂದಿನ ಗಿರಾಕಿಗೆ ತೂಗುತ್ತಿದ್ದ.

ಮೂರನೇ ಭಾನುವಾರ ಮದಾಮ್ ಕಾರು ತೆಗೆದರು.
ಎಪ್ಪತ್ತೆಂಟು ವಯಸ್ಸು, ಏರಿಗೆಲ್ಲ ಎರಡೇ ಗೇರು.
ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಗಾಜಿಗೆ ಉಸಿರೂದಿ ಒರೆಸಿದವರು,
ದಾರಿಯುದ್ದ ಕನ್ನಡಿಗೆ ಅದನ್ನೇ ಮಾಡಿದರು.

ಬಂಡೆಯ ಬಾಯಿಂದ ಇಡಿಯಾಗಿ ಧುಮುಕುತ್ತಿತ್ತು ಲೂ.
ತೊರೆಯಾಗಿ ಹುಟ್ಟಿ ಬೆಳೆಯುವ ತಾಳ್ಮೆಯಿಲ್ಲ,
ಹುಟ್ಟುತ್ತಲೇ ನದಿ.
ನನ್ನಜ್ಜಿ ಹೇಳುತ್ತಿದ್ದಳು, ಅಂದರು.
ಬೆಟ್ಟದಾಚೆ, ದೂ ದಂಡೆಯ ಸಾರಾಯಿ ಕಾರ್ಖಾನೆಗೆ ಸಿಡಿಲು ಬಡಿಯಿತಂತೆ.
ಬೆಂಕಿ ಹಬ್ಬೀತೆಂದು
ಪೀಪಾಯಿಗಟ್ಟಲೆ ಆಬ್ಸಾಂತ್ ನದಿಗೆ ಸುರಿದರಂತೆ.
ಒಂದೆರಡು ದಿನ ಕಳೆದು, ಇಲ್ಲಿ, ಈ ಬಾಯಲ್ಲಿ,
ಸೋಂಪಿನ ವಾಸನೆ!
ಆಗಲೇ ಗೊತ್ತಾದದ್ದು,
ದೂ ಕದ್ದು ನೆಲಕ್ಕಿಳಿದು
ಕತ್ತಲಲ್ಲಿ ಹೆಸರು ಬದಲಿಸಿ ಬರುತ್ತದೆಂದು.

ದೂ ಗಂಡು, ಲೂ ಹೆಣ್ಣು, ಅಂದೆ, ಪಾಠ ಮರೆಯದೆ.
ಪೆದ್ದೀ, ನೀರು, ಅಂದರು ಮದಾಮ್.
ಬಗ್ಗಿ ಕೈ ಅದ್ದಿದರು. ಏನೋ ಅಂದರು,
ಫ್ರೆಂಚಲ್ಲ.
ತಮ್ಮ ಬಾಯನ್ನೇ ತಾವು ಮುಟ್ಟಿ ನೋಡಿಕೊಂಡರು.
ಅಜ್ಜಿಯ ಮಾತು. ಸ್ಕೂಲಲ್ಲಿ ಆಡಿದರೆ ಬೆರಳ ಗಿಣ್ಣಿಗೆ ಪೆಟ್ಟು.
ಇನ್ನೊಂದು ಸಲ ಹೇಳಿ, ಅಂದೆ.
ಬರಲಿಲ್ಲ.
ನಾನೂ ಕೈ ಅದ್ದಿದೆ. ಅಯ್ಯಪ್ಪಾ!
ಅವರು ಅರ್ಥ ಕೇಳಲಿಲ್ಲ.

ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿಮೂರೂವರೆ.
ಲೂ ನದಿಯನ್ನು ಗಂಡು ಮಾಡಿದ್ದಕ್ಕೆ ಅರ್ಧ ಅಂಕ ಕಳೆದಿದ್ದರು.

ಸ್ಟೇಷನ್ನಿಗೆ ಬಂದಿದ್ದರು, ಹಳದಿ ಪ್ಲಮ್ಮಿನ ಪೊಟ್ಟಣ ಹಿಡಿದು.
ರೈಲಿನ ಕಿಟಕಿ ತೆರೆಯುವಂಥದಲ್ಲ.
ಹೊರಗಿನಿಂದ ಗಾಜಿಗೆ ಬಾಯಿ ಹತ್ತಿರ ತಂದು
ಗಡಿಯಾರಕ್ಕೆ ಊದುವಂತೆ ಊದಿದರು,
ಹಾ.
ಮಂಜು ಕಟ್ಟಿತು, ರೂಪಾಯಿಯಗಲ.
ಅದರ ಹಿಂದೆಯೇ, ತುಟಿಯ ಮೇಲೆ ಓದಿಕೊಂಡೆ,
ಘಿಣಕ್ಸಿ.

ತೋಳಿನಿಂದ ಒರೆಸಲು ಹೋದರು, ರೂಢಿ.
ಅಷ್ಟರಲ್ಲಿ ರೈಲು ಹೊರಟಿತ್ತು.