ಡ್ಯೂಟಿ ಪಟ್ಟಿ

ನಿವೃತ್ತಿಯ ದಿನ ಫಿಲೋಮಿನಾ ಸಿಸ್ಟರ್
ಮುಳಬಾಗಿಲು ಆಸ್ಪತ್ರೆಯ ಔಷಧಿ ಬೀರುವಿನ ಬೀಗದಕೈ,
ಸ್ಟಾಕಿನ ನಾಲ್ಕು ದಪ್ಪ ಪುಸ್ತಕ ಎಣಿಸಿ ಒಪ್ಪಿಸಿ
ಕೊನೆಗೊಂದು ಪೆನ್ಸಿಲ್ ಕೊಟ್ಟರು,
ತುದಿಗೆ ದಾರ ಕಟ್ಟಿ ರಬ್ಬರು ನೇತುಹಾಕಿದ್ದು.
‘ಇದಕ್ಕೆ ಸಹಿ ಬೇಡ’ ಅಂದರು.
ನಕ್ಕು ಡ್ರಾಯರಿಗೆ ಎಸೆದೆ.

ಹೊಸ ಇನ್‌ಚಾರ್ಜ್ ನಾನು.
ಪಟ್ಟಿಯನ್ನು ಪೆನ್ನಿನಲ್ಲೇ ಬರೆದೆ.
ಸ್ಕೇಲಿಟ್ಟು ಗೆರೆ, ರಾತ್ರಿಪಾಳಿಗೆ ಕೆಂಪು ಶಾಯಿ,
ಒಂಬತ್ತು ಹೆಸರು, ಮೂವತ್ತು ದಿನ.
ಒಂದು ತಿದ್ದಿದರೆ ಒಂಬತ್ತೂ ತಿದ್ದಬೇಕು,
ಆದ್ದರಿಂದ ತಿದ್ದುವುದಿಲ್ಲ ಎಂದೆ.
ನಾಯಕತ್ವ ಅಂದರೆ ಇದೇ ಇರಬೇಕು;
ಕೋಲಾರದ ತರಬೇತಿಯಲ್ಲೂ ಸುಮಾರು ಹೀಗೇ ಹೇಳಿದ್ದರು,
ಮಧ್ಯಾಹ್ನ ಊಟದ ಮೇಲೆ, ಫ್ಯಾನಿನ ಕೆಳಗೆ.

ಆದರೂ ತಿದ್ದಿದೆ.
ನಳಿನಾಕ್ಷಿ ಮೇಜು ಗುದ್ದಿದಳು, ಅವಳದೊಂದು ರಾತ್ರಿ ತೆಗೆದೆ.
ಪಾಪಣ್ಣ ಬ್ರದರ್ ಯಾರಿಂದಲೋ ಫೋನು ಮಾಡಿಸಿದ, ಅವನವು ಎರಡು.
ತೆಗೆದ ರಾತ್ರಿಗಳು ಎಲ್ಲಿಗೆ ಹೋಗಬೇಕು?
ರಾತ್ರಿ ಅಂದರೆ ನೀರಲ್ಲ, ಚೆಲ್ಲಿದರೆ ಇಂಗುವುದಿಲ್ಲ,
ಯಾರದಾದರೂ ಹೆಸರಿನ ಮೇಲೆ ನಿಲ್ಲಬೇಕು.
ಶಹತಾಜಳ ಮೇಲೆ ನಿಂತವು.
ಒಂದರ ಹಿಂದೊಂದು, ಏಳು.
ಅವಳು ಗೋಡೆಯ ಪಟ್ಟಿ ನೋಡಿದಳು, ‘ಸರಿ ಅಕ್ಕಾ’ ಅಂದಳು,
ಇಂಜೆಕ್ಷನ್ ಟ್ರೇ ಎತ್ತಿಕೊಂಡು ಹೋದಳು.

ಆರನೆಯ ರಾತ್ರಿ ಹೆದ್ದಾರಿಯ ತಿರುವಿನಲ್ಲಿ
ವಡ್ಡಹಳ್ಳಿ ಮಂಡಿಗೆ ಹೊರಟ ಟೆಂಪೋ ಮಗುಚಿತು.
ನನ್ನನ್ನೂ ಮನೆಯಿಂದ ಕರೆಸಿದರು.
ಟಮೋಟ ಬಾಕ್ಸುಗಳ ಮೇಲೆ ಕೂತು ಬರುತ್ತಿದ್ದ ಕೂಲಿಯವರು,
ಹದಿಮೂರು ಜನ, ಎಲ್ಲರೂ ಕೆಂಪು.
ಕೂದಲಲ್ಲಿ ಬೀಜ, ಕಿವಿಯಲ್ಲಿ ತಿರುಳು,
ಯಾವುದು ಹಣ್ಣು ಯಾವುದು ರಕ್ತ
ಒರೆಸಿದರೆ ಮಾತ್ರ ಗೊತ್ತಾಗುವುದು:
ಹಣ್ಣಾದರೆ ಹೋಗುತ್ತದೆ,
ರಕ್ತವಾದರೆ ಮತ್ತೆ ಬರುತ್ತದೆ.

‘ಸಚ್ಚಿಪೋತಾನಮ್ಮೋ’ ಎಂದು ಕೂಗುತ್ತಿದ್ದವನ ಬಳಿ
ನಾನು ಓಡಿದೆ. ಎಲ್ಲರೂ ಓಡಿದರು. ಡಾಕ್ಟರೂ.
ಮುಂಗೈ ಮುರಿದಿತ್ತು, ಅಷ್ಟೆ.
ಶಹತಾಜ್ ಅವನನ್ನು ದಾಟಿ ಹೋಗಿ
ಬಾಗಿಲ ಪಕ್ಕ ಗೋಡೆಗೊರಗಿ ಸುಮ್ಮನೆ ಕೂತಿದ್ದ
ಹುಡುಗನ ಮುಂದೆ ಮಂಡಿಯೂರಿದಳು.
ಮೈಮೇಲೆ ಒಂದು ಗೀರಿಲ್ಲ. ನೀರು ಕೇಳುತ್ತಿದ್ದ, ಮೆಲ್ಲಗೆ,
ನೆಂಟರ ಮನೆಯಲ್ಲಿ ಕೇಳುವ ಹಾಗೆ.
ಹೊಟ್ಟೆ ಮುಟ್ಟಿದಳು. ಹಲಗೆಯ ಹಾಗೆ ಬಿಗಿದಿತ್ತು.
‘ಆಂಜಪ್ಪಣ್ಣಾ, ಗಾಡಿ ತೆಗಿ. ಇವನು ಮೊದಲು, ಕೋಲಾರಕ್ಕೆ.’
ಇಪ್ಪತ್ತಾರು ವರ್ಷದ ಹುಡುಗಿ, ಯಾರನ್ನೂ ಕೇಳಲಿಲ್ಲ.
ಡಾಕ್ಟರು ಬಂದು ನೋಡಿ, ಹೌದು ಎಂದು ತಲೆಯಾಡಿಸುವಷ್ಟರಲ್ಲಿ
ಡ್ರಿಪ್ಪು ಎತ್ತಿ ಹಿಡಿದು ಹತ್ತಿಯಾಗಿತ್ತು.

ಬೆಳಗ್ಗೆ ಅದೇ ಗಾಡಿಯಲ್ಲಿ ವಾಪಸು ಬಂದಳು.
ಹೇಗೆ ಗೊತ್ತಾಯಿತು, ಕೇಳಿದೆ.
‘ಫಿಲೋಮಿನಾ ಸಿಸ್ಟರ್ ಹೇಳುತ್ತಿರಲಿಲ್ಲವಾ ಅಕ್ಕಾ,
ಕೂಗುವವನಿಗೆ ಉಸಿರಿದೆ,
ಕೂಗದವನನ್ನು ಮೊದಲು ನೋಡು ಅಂತ.’
ಹೇಳುತ್ತಿದ್ದರು. ನನಗೂ. ಹದಿನೆಂಟು ವರ್ಷ.
ಟೀ ಲೋಟ ಎರಡೂ ಕೈಯಲ್ಲಿ ಹಿಡಿದಿದ್ದಳು,
ಆದರೂ ತುಳುಕುತ್ತಿತ್ತು.
ಬೆರಳ ಸಂದಿಯಲ್ಲೊಂದು ಬೀಜ ಅಂಟಿ ಒಣಗಿತ್ತು.
‘ಇವತ್ತು ಏಳನೆಯದು’ ಅಂದೆ.
‘ಹೂಂ ಅಕ್ಕಾ.’
‘ಮನೆಯಲ್ಲಿ?’
ಹಾಲು ಇನ್ನೂ ಬಿಡಿಸಿಲ್ಲ, ಅಂದಳು,
ಮಗು ರಾತ್ರಿಯೆಲ್ಲ ಅಳುತ್ತದೆಯಂತೆ, ಅತ್ತೆಯ ಹತ್ತಿರ.
ಮೂರು ತಿಂಗಳಿಂದ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸುತ್ತೇವೆ,
ನನಗೆ ಮಗು ಇರುವುದೇ ಮರೆತಿತ್ತು.

ಹನ್ನೊಂದಕ್ಕೆ ಕೋಲಾರದಿಂದ ಫೋನು:
ಗುಲ್ಮ ತೆಗೆದಿದ್ದಾರೆ,
ಹುಡುಗ ನೀರು ಕೇಳುತ್ತಿದ್ದಾನೆ.

ಡ್ರಾಯರು ಎಳೆದೆ.
ಥರ್ಮಾಮೀಟರಿನ ಖಾಲಿ ಕವಚ, ಬಿಲ್ಲೆಯಿಲ್ಲದ ಸ್ಟೆತೊಸ್ಕೋಪು,
ಪೆನ್ಸಿಲ್ ಅಲ್ಲೇ ಇತ್ತು, ಹಲ್ಲಿನ ಗುರುತು ಸಮೇತ.
ತಿಂಗಳ ಕೊನೆಗೆ ಒಬ್ಬರೇ ಕೂತು
ಅದನ್ನು ಕಚ್ಚುತ್ತಿದ್ದರು ಅವರು; ನಾವು ಹೊರಗೆ ನಿಂತು ನಗುತ್ತಿದ್ದೆವು.
ಬಿಳಿ ಹಾಳೆ ತೆಗೆದೆ.
ಇವತ್ತಿನ ರಾತ್ರಿಯ ಎದುರು ನನ್ನ ಹೆಸರು ಬರೆದೆ.
ಆಮೇಲೆ ಬಹಳ ಹೊತ್ತು ಏನೂ ಬರೆಯಲಿಲ್ಲ,
ಪೆನ್ಸಿಲ್ ಕಚ್ಚಿಕೊಂಡು,
ಯಾರ್ಯಾರು ನನ್ನನ್ನು ಈವರೆಗೆ
ಏನೂ ಕೇಳಿಲ್ಲ ಎಂದು
ನೆನಪು ಮಾಡಿಕೊಳ್ಳುತ್ತಾ.